ಸೆಲ್ಫ್ ಎತ್ತವಲ್ದು!

ನಮ್ಮ ಹೊರ್ತಿ ಕಡೆ ಕಾರು ಸ್ಟಾರ್ಟ್ ಆಗದಿದ್ದರೆ "ಸೆಲ್ಫ್ ಎತ್ತವಲ್ದು" ಅಂತಾರೆ. ಸೆಲ್ಫ್ ಅಂದರೆ ಸೆಲ್ಫ್ ಸ್ಟಾರ್ಟರ್. ಎಂಜಿನಿಯರಿಂಗ್ ಪುಸ್ತಕದಲ್ಲಿ ಇದನ್ನೇ 'ಸ್ಟಾರ್ಟರ್ ಮೋಟಾರ್' ಅಂತ ಕರೆದಿರುತ್ತಾರೆ. ನನಗಂತೂ ಗ್ಯಾರೇಜಿನ ಮಾತೇ ಹೆಚ್ಚು ಇಷ್ಟ. ಯಾಕೆಂದರೆ ಆ ಪದದಲ್ಲಿ ಒಂದು ಇತಿಹಾಸ ಅಡಗಿ ಕೂತಿದೆ. 'ತಾನಾಗಿಯೇ' ಅಂತ ಒತ್ತಿ ಹೇಳುವ ಅಗತ್ಯ ಯಾಕೆ ಬಂತು ಹೇಳಿ? ಅದಕ್ಕೂ ಮೊದಲು ಎಂಜಿನ್ ತಾನಾಗಿ ಶುರುವಾಗುತ್ತಿರಲಿಲ್ಲ. ಮನುಷ್ಯ ರಟ್ಟೆ ಬಲ ಹಾಕಿ ತಿರುಗಿಸಬೇಕಿತ್ತು.

ಹೊರ್ತಿ ಗೊತ್ತಿಲ್ಲದವರಿಗೆ: ಇದು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಊರು. ಸೊಲ್ಲಾಪುರದಿಂದ ವಿಜಯಪುರಕ್ಕೆ (೨೦೧೪ರವರೆಗೆ ಬಿಜಾಪುರ) ಬರುವ ಹೆದ್ದಾರಿಯ ಮೇಲಿದೆ. ಮೊದಲು ರಾಷ್ಟ್ರೀಯ ಹೆದ್ದಾರಿ ೧೩ ಅಂತಿದ್ದದ್ದು ಈಗ ೫೨ ಆಗಿದೆ. ಸುತ್ತ ನಿಂಬೆ, ದ್ರಾಕ್ಷಿ, ಜೋಳ. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಬಿಸಿಲು. ಆ ಬಿಸಿಲಿಗೂ ಈ ಕಥೆಗೂ ಸಂಬಂಧ ಇದೆ, ಆಮೇಲೆ ಹೇಳ್ತೀನಿ.

ನಮ್ಮ ಕಡೆ ಹ್ಯಾಂಡಲ್ ಹೊಡೆಯುವುದು ಗೊತ್ತಿದ್ದದ್ದು ಕಾರಿನಿಂದಲ್ಲ, ಭಾವಿಯ ಎಂಜಿನ್‌ನಿಂದ. ಕರೆಂಟು ಇಲ್ಲದ ಕಾಲದಲ್ಲಿ ತೋಟಕ್ಕೆ ನೀರೆತ್ತುತ್ತಿದ್ದದ್ದು ಡೀಸೆಲ್ ಎಂಜಿನ್. ಆಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರು ನಮ್ಮ ರೈತರ ಬಾಯಲ್ಲಿ ಮೊದಲು ಕಬ್ಬಿಣದ ನೇಗಿಲಿನ ಜೊತೆ ಬಂತು. ೧೯೪೬ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾದ ಮೇಲೆ ಪಂಪ್‌ಸೆಟ್ಟಿನ ಜೊತೆಗೂ ಬಂತು. ಈ ಎಂಜಿನ್ನಿಗೆ ಬ್ಯಾಟರಿ ಇಲ್ಲವೇ ಇಲ್ಲ! ತಲೆಯ ಮೇಲಿನ ಒಂದು ಸಣ್ಣ ಲಿವರ್ ಎತ್ತಿದರೆ ವಾಲ್ವ್ ತೆರೆದೇ ಇರುತ್ತೆ, ಒಳಗೆ ಗಾಳಿ ಒತ್ತುವುದಿಲ್ಲ, ಹ್ಯಾಂಡಲ್ ಹಗುರವಾಗಿ ತಿರುಗುತ್ತೆ. ಭಾರದ ಫ್ಲೈವೀಲ್‌ಗೆ ವೇಗ ಬಂದ ಕೂಡಲೇ ಲಿವರ್ ಬಿಟ್ಟರೆ, ಒತ್ತಿದ ಗಾಳಿಯ ಕಾವಿಗೆ ಡೀಸೆಲ್ ಹೊತ್ತಿ 'ಡುಗ್.. ಡುಗ್.. ಡುಗ್' ಅಂತ ಶುರು. ಕಿಡಿ ಬೇಡ, ವೈರ್ ಬೇಡ. ಅಜ್ಜ ನನಗೆ ಕಲಿಸಿದ್ದು ಒಂದೇ ಪಾಠ: ಹೆಬ್ಬೆರಳನ್ನು ಹಿಡಿಕೆಯ ಆ ಕಡೆ ಸುತ್ತಬೇಡ, ಉಳಿದ ಬೆರಳುಗಳ ಪಕ್ಕದಲ್ಲೇ ಇಡು.

ಆ ಪಾಠ ಎಷ್ಟು ಹಳೆಯದು ಅಂತ ಆಮೇಲೆ ಗೊತ್ತಾಯ್ತು. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಹ್ಯಾಂಡಲ್ ಹೊಡೆಯುವ ಮುಂಚೆ ಕಿಡಿ ಸ್ವಲ್ಪ ತಡವಾಗಿ ಬೀಳುವ ಹಾಗೆ ಲಿವರ್ ಸರಿಸಿಕೊಳ್ಳಬೇಕಿತ್ತು. ಮರೆತರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಬಿದ್ದು, ಎಂಜಿನ್ ಉಲ್ಟಾ ಒದೆಯುತ್ತಿತ್ತು. ಹಿಡಿಕೆ ಹಿಂದಕ್ಕೆ ಬಂದು ಮುಂಗೈಗೆ ಬಡಿದರೆ ಮೂಳೆ ಮುರಿದಂತೆಯೇ. ಹೆಬ್ಬೆರಳ ಕಡೆ ಮಣಿಕಟ್ಟಿನ ಮೂಳೆ ಮುರಿಯುವುದಕ್ಕೆ ವೈದ್ಯರು ಇವತ್ತಿಗೂ 'ಶಾಫರ್ಸ್ ಫ್ರ್ಯಾಕ್ಚರ್', ಅಂದರೆ ಕಾರು ಚಾಲಕರ ಮುರಿತ ಅನ್ನುತ್ತಾರೆ. ಕಾರಿನ ಹ್ಯಾಂಡಲ್ ಹೋದರೂ ಹೆಸರು ಆಸ್ಪತ್ರೆಯಲ್ಲಿ ಉಳಿದುಬಿಟ್ಟಿದೆ ನೋಡಿ.

ಅಮೆರಿಕದ ಕಾರು ತಯಾರಕ ಬೈರನ್ ಕಾರ್ಟರ್ ಸತ್ತದ್ದು ೧೯೦೮ರಲ್ಲಿ. ದಾರಿಯಲ್ಲಿ ಕೆಟ್ಟು ನಿಂತ ಒಬ್ಬ ಹೆಂಗಸಿನ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ, ಅದು ತಿರುಗಿ ಒದ್ದು, ಆ ಗಾಯದಿಂದ ಸತ್ತರು. ಆ ದುಃಖಕ್ಕೇ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲ್ಯಾಂಡ್ ಹ್ಯಾಂಡಲ್ ತೊಲಗಿಸುವ ಪಣ ತೊಟ್ಟರು ಅಂತ ಕಥೆ. ಇದರ ವಿವರಗಳನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಕಥೆ ಹೇಗಾದರೂ ಇರಲಿ, ಲೀಲ್ಯಾಂಡ್ ಈ ಕೆಲಸಕ್ಕೆ ಹಿಡಿದದ್ದು ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನ್ನು.

ಆಗಿನ ಎಂಜಿನಿಯರುಗಳ ಲೆಕ್ಕ ಸರಳವಾಗಿತ್ತು: ಎಂಜಿನ್ ತಿರುಗಿಸುವಷ್ಟು ಶಕ್ತಿಯ ವಿದ್ಯುತ್ ಮೋಟಾರು ಮಾಡಿದರೆ ಅದೇ ಎಂಜಿನ್ನಿನಷ್ಟು ದೊಡ್ಡದಾಗುತ್ತೆ. ಆದರೆ ಕೆಟರಿಂಗ್ ಮೊದಲು ಕೆಲಸ ಮಾಡಿದ್ದು ಅಂಗಡಿಗಳ ಕ್ಯಾಶ್ ರಿಜಿಸ್ಟರ್ ತಯಾರಿಸುವ ಕಂಪನಿಯಲ್ಲಿ. ಅಲ್ಲಿ ಗಲ್ಲಾಪೆಟ್ಟಿಗೆಗೆ ಮೋಟಾರು ಕೂರಿಸಿದ್ದರು. ದಿನವಿಡೀ ತಿರುಗುವ ಮೋಟಾರಿಗೆ ಒಂದು ಲೆಕ್ಕ, ಒಂದು ಕ್ಷಣ ಜಗ್ಗಿ ಸುಮ್ಮನಾಗುವ ಮೋಟಾರಿಗೆ ಇನ್ನೊಂದು ಲೆಕ್ಕ ಅನ್ನುವುದು ಅವರಿಗೆ ಗೊತ್ತಿತ್ತು. ಸಣ್ಣ ಮೋಟಾರಿಗೆ ಕೆಲವೇ ಸೆಕೆಂಡು ತಾಳಲಾರದಷ್ಟು ಕರೆಂಟು ಹರಿಸಿದರೆ ಸಾಕು, ಕಾದು ಸುಡುವುದರೊಳಗೆ ಎಂಜಿನ್ ಹಿಡಿದಿರುತ್ತೆ! ೧೯೧೧ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು, ಪೇಟೆಂಟ್ ಸಿಕ್ಕಿದ್ದು ೧೯೧೫ರಲ್ಲಿ. ಸಾಮಾನ್ಯರ ಕಾರಾಗಿದ್ದ ಫೋರ್ಡ್ ಮಾಡೆಲ್ ಟಿ ಗೆ ಇದು ಸಿಕ್ಕಲು ೧೯೧೯ ಬಂತು.

ನಾನು ಇಷ್ಟು ಹಿಂದಕ್ಕೆ ಹೋದದ್ದಕ್ಕೆ ಕಾರಣ ಇದೆ. ಕೆಟರಿಂಗ್ ಬರೀ ಒಂದು ಮೋಟಾರು ಕೊಡಲಿಲ್ಲ, ಒಂದು ಸಂಸಾರವನ್ನೇ ಕೊಟ್ಟರು. ಬ್ಯಾಟರಿ ಮೋಟಾರಿಗೆ ಕೊಡುತ್ತೆ, ಮೋಟಾರು ಎಂಜಿನ್ ಎಬ್ಬಿಸುತ್ತೆ, ಎದ್ದ ಎಂಜಿನ್ ಡೈನಮೋ ತಿರುಗಿಸಿ ಬ್ಯಾಟರಿಯ ಸಾಲ ತೀರಿಸುತ್ತೆ. ಮೂವರಲ್ಲಿ ಒಬ್ಬರು ಮುನಿಸಿಕೊಂಡರೂ ಹೊರಗೆ ಕಾಣುವ ಲಕ್ಷಣ ಒಂದೇ: ಸೆಲ್ಫ್ ಎತ್ತವಲ್ದು. ಬೈಗುಳ ಮಾತ್ರ ಯಾವಾಗಲೂ ಬ್ಯಾಟರಿಗೆ :)

ಬ್ಯಾಟರಿ ಈ ಮೂವರಲ್ಲಿ ಎಲ್ಲರಿಗಿಂತ ಹಿರಿಯ. ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ೧೮೫೯ರಲ್ಲಿ ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದಾಗ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಹುಟ್ಟಿತು. ೧೮೮೧ರಲ್ಲಿ ಕಮಿಲ್ ಫೋರ್ ಪ್ಲೇಟಿಗೆ ಸೀಸದ ಲೇಪ ಹಚ್ಚುವ ವಿಧಾನ ತಂದರು. ಇವತ್ತು ನಿಮ್ಮ ಕಾರಿನ ಬಾನೆಟ್ ಕೆಳಗಿರುವುದೂ ಮೂಲದಲ್ಲಿ ಅದೇ. ಶಕ್ತಿ ಕೊಡುವಾಗ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ, ಆಸಿಡ್ ನೀರಾಗುತ್ತಾ ಹೋಗುತ್ತೆ. ಚಾರ್ಜ್ ಆದರೆ ಎಲ್ಲ ವಾಪಸ್. ವಾರಗಟ್ಟಲೆ ಹಾಗೇ ಬಿಟ್ಟರೆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತೆ, ಆಮೇಲೆ ಚಾರ್ಜಿಗೆ ಹಾಕಿದರೂ ಪೂರ್ತಿ ಬಿಡುವುದಿಲ್ಲ. ಇನ್ನು ನಮ್ಮ ಬಿಸಿಲು. ಯೂರೋಪಿನವರು ಚಳಿಯಲ್ಲಿ ಬ್ಯಾಟರಿ ಸಾಯುತ್ತೆ ಅಂತಾರೆ, ಅಲ್ಲಿಗೆ ಅದು ಸರಿ. ಇಂಡಿ ತಾಲೂಕಿನಲ್ಲಿ ಬ್ಯಾಟರಿಯ ಆಯಸ್ಸು ತಿನ್ನುವುದು ಏಪ್ರಿಲ್-ಮೇ. ಕಾವಿಗೆ ನೀರು ಆರುತ್ತೆ, ಒಳಗಿನ ಸೀಸದ ಜಾಲರಿ ಬೇಗ ಸವೆಯುತ್ತೆ. ಸೆಲ್ಫ್ ಎತ್ತದೇ ಹೋಗುವುದು ಮಾತ್ರ ಡಿಸೆಂಬರಿನ ಒಂದು ಬೆಳಗ್ಗೆ. ಪಾಪ, ಪೆಟ್ಟು ಬಿದ್ದದ್ದು ಬೇಸಿಗೆಯಲ್ಲೇ.

ಈಗ ಅಂಬಾಸಿಡರ್ ವಿಷಯ. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಈ ಕಾರಿನ ಡಿಕ್ಕಿಯಲ್ಲಿ ಹ್ಯಾಂಡಲ್ ಇರುತ್ತಿತ್ತು. ಸೆಲ್ಫ್ ಇದ್ದರೂ ಹ್ಯಾಂಡಲ್ ಯಾಕೆ? ಆಗಿನ ಡೈನಮೋ ನಿಧಾನಕ್ಕೆ ತಿರುಗುವಾಗ ಹೆಚ್ಚೇನೂ ಚಾರ್ಜ್ ಮಾಡುತ್ತಿರಲಿಲ್ಲ. ನಿಂತು ನಿಂತು ಓಡಿಸಿದ ಕಾರಿನ ಬ್ಯಾಟರಿ ಸಂಜೆ ಹೊತ್ತಿಗೆ ಇಳಿದಿರುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ಸೆಲ್ಫ್‌ಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಕಿಡಿಗೆ ಬೇಕಾದದ್ದು ಮೂರ್ನಾಲ್ಕು ಆಂಪಿಯರ್ ಅಷ್ಟೇ. ಬ್ಯಾಟರಿ ವೀಕ್ ಆಗಿದ್ದರೆ ಆ ಮೂರ್ನಾಲ್ಕು ಹೇಗೂ ಸಿಗುತ್ತಿತ್ತು, ಉಳಿದದ್ದು ಡ್ರೈವರನ ತೋಳು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಹ್ಯಾಂಡಲ್ ಎಷ್ಟು ಹೊಡೆದರೂ ಕಿಡಿಯೇ ಇಲ್ಲ. ಅಂದರೆ ಆಗ 'ವೀಕ್' ಬೇರೆ, 'ಡೆಡ್' ಬೇರೆ.

೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂತು. ಎಂಜಿನ್ ಅಡ್ಡಡ್ಡ ಕೂತಿತ್ತು, ಮುಂದಿನಿಂದ ಹ್ಯಾಂಡಲ್ ತೂರಿಸಲು ದಾರಿಯೇ ಇಲ್ಲ. ಡೈನಮೋ ಜಾಗದಲ್ಲಿ ಆಲ್ಟರ್ನೇಟರ್ ಇದ್ದದ್ದರಿಂದ ನಿಂತಲ್ಲೂ ಚಾರ್ಜ್ ಆಗುತ್ತಿತ್ತು, ಹ್ಯಾಂಡಲ್ ಇಲ್ಲ ಅಂತ ಯಾರೂ ಅಳಲಿಲ್ಲ. ದಬ್ಬಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸುವ ದಾರಿ ಉಳಿದಿತ್ತಲ್ಲ. ಆಮೇಲೆ ಕಾರ್ಬ್ಯುರೇಟರ್ ಹೋಗಿ, ಕಂಪ್ಯೂಟರ್ ಮತ್ತು ವಿದ್ಯುತ್ ಪೆಟ್ರೋಲ್ ಪಂಪು ಬಂದ ಮೇಲೆ ಅದೂ ಕಷ್ಟವಾಯಿತು. ವೋಲ್ಟೇಜ್ ತೀರಾ ಬಿದ್ದರೆ ಅವೆರಡೂ ಏಳುವುದಿಲ್ಲ, ಹತ್ತು ಜನ ದಬ್ಬಿದರೂ ಅಷ್ಟೇ. ಆಟೋಮ್ಯಾಟಿಕ್ ಗೇರಿನ ಕಾರಿಗಂತೂ ದಬ್ಬುವ ಮಾತೇ ಇಲ್ಲ. ನಮ್ಮ ಸಾಫ್ಟ್‌ವೇರ್ ಮಂದಿ ಕಾರಿನೊಳಗೆ ಕೂತದ್ದರ ಫಲ ಅನ್ನಿ! ಹೀಗೆ ವೀಕ್‌ಗೂ ಡೆಡ್‌ಗೂ ನಡುವೆ ಇದ್ದ ಜಾಗ ಸಣ್ಣದಾಗುತ್ತಾ ಬಂತು.

ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯ ಅಲ್ಲ, ಫೋನ್ ಮಾಡಿದರೆ ಯಾರಾದರೂ ಬರುತ್ತಾರೆ. ಊರಲ್ಲಿ ಕಾಕಾ ಮತ್ತು ವಯಸ್ಸಾದ ಅಜ್ಜಿ ಇಬ್ಬರೇ. ಅಜ್ಜಿಗೆ ರಾತ್ರಿ ಉಸಿರು ಕಟ್ಟಿದರೆ ವಿಜಯಪುರದ ಆಸ್ಪತ್ರೆಗೆ ಓಡಬೇಕು. ಕಾರು ಇಟ್ಟುಕೊಂಡಿರುವುದೇ ಅದಕ್ಕೆ. ಹೋದ ಚಳಿಗಾಲದಲ್ಲಿ ಕಾಕಾ ಫೋನ್ ಮಾಡಿ, "ತಮ್ಮಾ, ಬ್ಯಾಟ್ರಿ ಹೋಗ್ಯಾದ, ಬರೇ ಟಕಟಕ ಅಂತದ. ಹೊಸಾದು ಹಾಕಸ್ರಿ ಅಂತ ಎಲ್ಲಾರೂ ಅನ್ನಾಕತ್ಯಾರ" ಅಂದರು. ಬ್ಯಾಟರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

"ಕಾಕಾ, ಮೋಟಾರ್ ರಿಪೇರಿ ಹುಡುಗನ್ನ ಮೀಟರ್ ತಗೊಂಡು ಬಾ ಅನ್ರಿ" ಅಂದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ೧೨.೬ ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ ಅಂತ ಅರ್ಥ, ೧೨.೨ ಅಂದರೆ ಅರ್ಧ, ೧೨ಕ್ಕಿಂತ ಕೆಳಗೆ ಅಂದರೆ ಉಪವಾಸ. ಇದಕ್ಕೆ ೧೨.೫ ಇತ್ತು. ಸೆಲ್ಫ್ ಹೊಡೆಯುವಾಗ ೯.೬ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕು. ಇದು ೧೧ರ ಮೇಲೇ ನಿಂತಿತು! ಆದರೆ ಲೈಟು ಮಾತ್ರ ಪೂರ್ತಿ ಮಂಕಾಗಿ ಟಕಟಕ ಅನ್ನುತ್ತಿತ್ತು. ಅಂದರೆ ಬ್ಯಾಟರಿ ಕೊಡುತ್ತಿದೆ, ಮುಂದಕ್ಕೆ ಮುಟ್ಟುತ್ತಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಗುಬುಟಿನ ಮೇಲೆ, ಇನ್ನೊಂದು ಅದಕ್ಕೆ ಬಿಗಿದ ಕ್ಲಾಂಪಿನ ಮೇಲೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದೆ. ಸೊನ್ನೆಯ ಹತ್ತಿರ ಇರಬೇಕಾದದ್ದು ಎರಡು ವೋಲ್ಟಿಗೂ ಹೆಚ್ಚು ತೋರಿಸಿತು.

ಸಣ್ಣ ಲೆಕ್ಕ ನೋಡಿ. ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ೨೦೦ ಆಂಪಿಯರ್ ಹರಿದಾಗ ೨ ವೋಲ್ಟ್ ಅಲ್ಲೇ ಹೋಯ್ತು. ಹೆಡ್‌ಲೈಟಿಗೆ ೧೦ ಆಂಪಿಯರ್ ಸಾಕು, ಅದಕ್ಕೆ ಹೋಗುವುದು ೦.೧ ವೋಲ್ಟ್ ಮಾತ್ರ. ಅದಕ್ಕೇ ಲೈಟು ಚೆನ್ನಾಗಿ ಉರಿಯುತ್ತೆ, ಹಾರ್ನ್ ಹೊಡೆಯುತ್ತೆ, ಸೆಲ್ಫ್ ಮಾತ್ರ ಎತ್ತುವುದಿಲ್ಲ. ಕ್ಲಾಂಪ್ ಬಿಚ್ಚಿದರೆ ಒಳಗೆಲ್ಲ ಬಿಳಿ-ಹಸಿರು ಪುಡಿ. ಮೊದಲು ಮೈನಸ್ ಬಿಚ್ಚಿ ಆಮೇಲೆ ಪ್ಲಸ್, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಹಾಕುವಾಗ ಮೊದಲು ಪ್ಲಸ್ ಆಮೇಲೆ ಮೈನಸ್, ಮೇಲೆ ಸ್ವಲ್ಪ ವ್ಯಾಸಲೀನ್. ಖರ್ಚು ಏನೂ ಇಲ್ಲ. ಒಂದೇ ಸಲಕ್ಕೆ ಎತ್ತಿತು. ಎಂಜಿನ್ ಓಡುವಾಗ ಮೀಟರ್ ೧೪.೨ ತೋರಿಸಿತು, ಅಂದರೆ ಆಲ್ಟರ್ನೇಟರ್ ಕೂಡ ಸಾಲ ಸರಿಯಾಗಿ ತೀರಿಸುತ್ತಿದೆ. ೧೩.೫ಕ್ಕಿಂತ ಕೆಳಗೆ ಇದ್ದಿದ್ದರೆ ಬೆಲ್ಟ್ ಜಾರುತ್ತಿದೆಯಾ ಅಂತ ನೋಡಬೇಕಿತ್ತು.

ಇನ್ನೊಂದು ಮಾತು. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ, ಕಂಪ್ಯೂಟರ್ ಇವು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ೫೦ ಮಿಲಿಆಂಪಿಯರ್ ಅಂದುಕೊಳ್ಳಿ, ದಿನಕ್ಕೆ ೧.೨ ಆಂಪಿಯರ್-ಅವರ್. ಸಣ್ಣ ಕಾರಿನ ೩೫ ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧ ಖಾಲಿ. ಹೊರ್ತಿಯೊಳಗೇ ಒಂದು ಸುತ್ತು ಹಾಕಿ ಬಂದರೆ ಅದು ತುಂಬುವುದಿಲ್ಲ. ಅದಕ್ಕೇ ಈಗ ಕಾಕಾ ಪ್ರತಿ ವಾರ ಇಂಡಿ ಸಂತೆಗೆ ಬಸ್ಸು ಬಿಟ್ಟು ಕಾರಿನಲ್ಲೇ ಹೋಗುತ್ತಾರೆ, ಅಜ್ಜಿಯನ್ನೂ ಮುಂದೆ ಕೂರಿಸಿಕೊಂಡು.

ಭಾವಿಯ ಹಳೆ ಎಂಜಿನ್ನಿನ ಹ್ಯಾಂಡಲ್ ಇನ್ನೂ ನಮ್ಮ ಹಿತ್ತಲಲ್ಲಿದೆ, ಎಮ್ಮೆ ಕಟ್ಟುವ ಗೂಟವಾಗಿ. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ, ನಿಮ್ಮ ಕಡೆ ಅದಕ್ಕೆ ಏನಂತ ಕರೀತಿದ್ರು ಅಂತ ತಿಳಿಸಿ.