ಬೆಂಗಳೂರಿನ ವಿಶ್ವವಿದ್ಯಾಲಯ ಮಹಿಳಾ ಬಾಸ್ಕೆಟ್‌ಬಾಲ್

ಬೆಂಗಳೂರಿನ ವಿಶ್ವವಿದ್ಯಾಲಯ ಮಹಿಳಾ ಬಾಸ್ಕೆಟ್‌ಬಾಲ್ ಎಂದರೆ ನಗರದ ಕಾಲೇಜು ಹಾಗೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರು ಅಂತರ ಕಾಲೇಜು, ದಕ್ಷಿಣ ವಲಯ ಮತ್ತು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಮಟ್ಟಗಳಲ್ಲಿ ಆಡುವ ಬಾಸ್ಕೆಟ್‌ಬಾಲ್. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ಅದರ ಸಂಯೋಜಿತ ಕಾಲೇಜುಗಳ ಆಟಗಾರ್ತಿಯರು ಒಂದೇ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಅರ್ಹರಾಗಿದ್ದರು. 2008ರಿಂದ ಕೆಲವು ಕಾಲೇಜುಗಳು ಸ್ವತಂತ್ರ ವಿಶ್ವವಿದ್ಯಾಲಯಗಳಾದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ವಿಭಜನೆಯಾಯಿತು. ಇದರಿಂದ ನಗರದ ಆಟಗಾರ್ತಿಯರು ಹಲವು ತಂಡಗಳಲ್ಲಿ ಹಂಚಿಹೋದರು.

ಹಿನ್ನೆಲೆ

ಬಾಸ್ಕೆಟ್‌ಬಾಲ್ ಆಟವನ್ನು 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದರು. ಸ್ಮಿತ್ ಮಹಿಳಾ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಕೆಲವೇ ತಿಂಗಳುಗಳಲ್ಲಿ ಅದನ್ನು ಮಹಿಳೆಯರಿಗಾಗಿ ಮಾರ್ಪಡಿಸಿ ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಎರಡು ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳ ನಡುವಣ ಮೊದಲ ಪಂದ್ಯಗಳಲ್ಲಿ ಒಂದು 1896ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯಿತು. ಪುರುಷ ಪ್ರೇಕ್ಷಕರಿಗೆ ಪ್ರವೇಶವಿಲ್ಲದಿದ್ದ ಆ ಪಂದ್ಯದಲ್ಲಿ ಸ್ಟ್ಯಾನ್‌ಫೋರ್ಡ್ ತಂಡವು ಕ್ಯಾಲಿಫೋರ್ನಿಯಾ ತಂಡವನ್ನು 2–1ರಿಂದ ಸೋಲಿಸಿತು. ಹೀಗೆ ಮಹಿಳಾ ಬಾಸ್ಕೆಟ್‌ಬಾಲ್ ಆರಂಭದಿಂದಲೂ ಕಾಲೇಜಿನ ಆವರಣದಲ್ಲಿ ಬೆಳೆದ ಆಟವಾಗಿದೆ. ಆದರೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ವಿಭಾಗ ಸೇರ್ಪಡೆಯಾದದ್ದು 1976ರ ಮಾಂಟ್ರಿಯಲ್ ಕೂಟದಲ್ಲಿ.

ಭಾರತದಲ್ಲಿ ಈ ಆಟ ಹರಡಲು ವೈ.ಎಂ.ಸಿ.ಎ. ಸಂಸ್ಥೆಯೂ 1920ರಲ್ಲಿ ಮದರಾಸಿನಲ್ಲಿ ಅದು ಆರಂಭಿಸಿದ ದೈಹಿಕ ಶಿಕ್ಷಣ ತರಬೇತಿ ಶಾಲೆಯೂ ಪ್ರಮುಖ ಕಾರಣಗಳಾದವು. ಭಾರತೀಯ ಬಾಸ್ಕೆಟ್‌ಬಾಲ್ ಒಕ್ಕೂಟ 1950ರಲ್ಲಿ ರಚನೆಯಾಯಿತು.

ಬೆಂಗಳೂರಿನಲ್ಲಿ ಮಹಿಳೆಯರ ಉನ್ನತ ಶಿಕ್ಷಣಕ್ಕೆ ಪೇಟೆಯ ಕಡೆ ಮಹಾರಾಣಿ ಕಾಲೇಜು (1938) ಇತ್ತು. ಕಂಟೋನ್ಮೆಂಟ್ ಪ್ರದೇಶವು 1947ರಲ್ಲಿ ಬ್ರಿಟಿಷರಿಂದ ಮೈಸೂರು ಸಂಸ್ಥಾನಕ್ಕೆ ಮರಳಿತು. ಮರುವರ್ಷ, 1948ರಲ್ಲಿ, ಅದಕ್ಕೆ ಸಮೀಪದ ಅರಮನೆ ರಸ್ತೆಯಲ್ಲಿ ಮೌಂಟ್ ಕಾರ್ಮೆಲ್ ಕಾಲೇಜು ನೆಲೆಗೊಂಡಿತು. 1966ರಲ್ಲಿ ಜ್ಯೋತಿ ನಿವಾಸ್ ಕಾಲೇಜು ಆರಂಭವಾಯಿತು.

ತಂಡದ ರಚನೆ

ಬೆಂಗಳೂರು ವಿಶ್ವವಿದ್ಯಾಲಯದಂತಹ ಸಂಯೋಜಕ ವಿಶ್ವವಿದ್ಯಾಲಯದ ತಂಡವು ವರ್ಷವಿಡೀ ಒಟ್ಟಿಗೆ ಇರುವ ತಂಡವಲ್ಲ. ಆಟಗಾರ್ತಿಯರು ತಮ್ಮ ತಮ್ಮ ಕಾಲೇಜುಗಳಲ್ಲಿ ಅಭ್ಯಾಸ ಮಾಡುತ್ತಾರೆ. ವರ್ಷಕ್ಕೊಮ್ಮೆ ಒಂದು ಕಾಲೇಜಿನ ಆತಿಥ್ಯದಲ್ಲಿ ಅಂತರ ಕಾಲೇಜು ಪಂದ್ಯಾವಳಿ ನಡೆಯುತ್ತದೆ. ಅಲ್ಲಿ ಗಮನ ಸೆಳೆದವರನ್ನು ಆಯ್ಕೆ ಸಮಿತಿಯು ಗುರುತಿಸುತ್ತದೆ. ಅಲ್ಪಾವಧಿಯ ತರಬೇತಿ ಶಿಬಿರದ ನಂತರ ತಂಡವು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ತೆರಳುತ್ತದೆ. ಪಂದ್ಯಾವಳಿ ಮುಗಿದ ಮೇಲೆ ಆಟಗಾರ್ತಿಯರು ಮತ್ತೆ ತಮ್ಮ ಕಾಲೇಜುಗಳಿಗೆ ಮರಳುತ್ತಾರೆ. ನಿನ್ನೆಯವರೆಗೆ ಎದುರಾಳಿಗಳಾಗಿದ್ದವರು ಕೆಲವೇ ವಾರಗಳಲ್ಲಿ ಒಂದು ತಂಡವಾಗಿ ಹೊಂದಿಕೊಳ್ಳಬೇಕಾದುದು ಈ ಪದ್ಧತಿಯ ಮುಖ್ಯ ಸವಾಲು.

ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಕ್ರೀಡಾಪಟುಗಳನ್ನು ಕರ್ನಾಟಕದ ಕಾಲೇಜುಗಳಲ್ಲಿ ‘ಯೂನಿವರ್ಸಿಟಿ ಬ್ಲೂ’ ಎಂದು ಕರೆಯುವ ರೂಢಿಯಿದೆ.

ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಸುತ್ತದೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಆರಂಭವಾದ ಈ ಸಂಘವು ದೇಶವನ್ನು ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ವಲಯಗಳಾಗಿ ವಿಂಗಡಿಸಿದೆ. ವಲಯ ಮಟ್ಟದಲ್ಲಿ ಮುಂದಿನ ಸ್ಥಾನ ಪಡೆದ ತಂಡಗಳು ಅಖಿಲ ಭಾರತ ಮಟ್ಟಕ್ಕೆ ಅರ್ಹತೆ ಗಳಿಸುತ್ತವೆ. ಬೆಂಗಳೂರಿನ ತಂಡಗಳು ದಕ್ಷಿಣ ವಲಯದಲ್ಲಿ ಆಡುತ್ತವೆ. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಬಲಿಷ್ಠವಾದ ತಮಿಳುನಾಡು ಮತ್ತು ಕೇರಳದ ವಿಶ್ವವಿದ್ಯಾಲಯಗಳೂ ಇದೇ ವಲಯದಲ್ಲಿವೆ.

ಪಂದ್ಯವು ತಲಾ 10 ನಿಮಿಷಗಳ ನಾಲ್ಕು ಅವಧಿಗಳಲ್ಲಿ ನಡೆಯುತ್ತದೆ. ಅಂಕಣದ ಅಳತೆ 28 × 15 ಮೀಟರ್. ಬುಟ್ಟಿಯ ಎತ್ತರ 3.05 ಮೀಟರ್. ಇವು ಪುರುಷರಿಗೂ ಮಹಿಳೆಯರಿಗೂ ಒಂದೇ. ಚೆಂಡು ಮಾತ್ರ ಬೇರೆ: ಮಹಿಳೆಯರು 6ನೇ ಅಳತೆಯ, ಪುರುಷರು 7ನೇ ಅಳತೆಯ ಚೆಂಡನ್ನು ಬಳಸುತ್ತಾರೆ.

ಒಂದು ತಂಡದಿಂದ ಹಲವು ತಂಡಗಳು

ಕ್ರೈಸ್ಟ್ ಮತ್ತು ಜೈನ್ ಸಂಸ್ಥೆಗಳು 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯಗಳಾದವು. ಅನಂತರ ರಾಜ್ಯ ಶಾಸನಗಳ ಮೂಲಕ ಹಲವು ಖಾಸಗಿ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ (ನಂತರ ಬೆಂಗಳೂರು ನಗರ ವಿಶ್ವವಿದ್ಯಾಲಯ) ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳು ಪ್ರತ್ಯೇಕಗೊಂಡವು. 2022ರಲ್ಲಿ ಸೇಂಟ್ ಜೋಸೆಫ್ ಕಾಲೇಜು ಸಹ ವಿಶ್ವವಿದ್ಯಾಲಯವಾಯಿತು.

ಈ ಬದಲಾವಣೆಯ ಪರಿಣಾಮ ನಗರದ ಪೂರ್ವಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸರ್ವಜ್ಞನಗರದ ಎಚ್.ಆರ್.ಬಿ.ಆರ್. ಬಡಾವಣೆಯಲ್ಲಿ ಆವರಣ ಹೊಂದಿರುವ ಸಿ.ಎಂ.ಆರ್. ವಿಶ್ವವಿದ್ಯಾಲಯ 2013ರಲ್ಲಿ ಸ್ಥಾಪನೆಯಾಯಿತು. ಹಳೆ ಮದ್ರಾಸ್ ರಸ್ತೆಯಲ್ಲಿ ಗಾರ್ಡನ್ ಸಿಟಿ ವಿಶ್ವವಿದ್ಯಾಲಯವಿದೆ. ಕೊತ್ತನೂರು ಬಳಿಯ ಕೆ. ನಾರಾಯಣಪುರದ ಕ್ರಿಸ್ತು ಜಯಂತಿ ಕಾಲೇಜು ವಿಭಜನೆಯ ನಂತರ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿತು. ಅರಮನೆ ರಸ್ತೆಯ ಮೌಂಟ್ ಕಾರ್ಮೆಲ್ ಕಾಲೇಜು ನಗರ ವಿಶ್ವವಿದ್ಯಾಲಯಕ್ಕೆ ಸೇರಿತು. ನೆರೆಹೊರೆಯ ಬಡಾವಣೆಗಳಲ್ಲಿ ಬೆಳೆದು ಒಂದೇ ಶಾಲೆಯ ತಂಡದಲ್ಲಿ ಆಡಿದ ಇಬ್ಬರು, ಪದವಿಗೆ ಸೇರಿದ ಮೇಲೆ ದಕ್ಷಿಣ ವಲಯದಲ್ಲಿ ಪರಸ್ಪರ ಎದುರಾಳಿಗಳಾಗುವ ಸಾಧ್ಯತೆ ಇದರಿಂದ ಉಂಟಾಯಿತು.

ಇದರ ಫಲಗಳು ಎರಡು ಬಗೆಯವು. ತಂಡಗಳ ಸಂಖ್ಯೆ ಹೆಚ್ಚಿದಂತೆ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡುವ ವಿದ್ಯಾರ್ಥಿನಿಯರ ಸಂಖ್ಯೆಯೂ ಹೆಚ್ಚುತ್ತದೆ. ಹಿಂದೆ ಇಡೀ ನಗರದಿಂದ ಸುಮಾರು ಹನ್ನೆರಡು ಮಂದಿಗೆ ದೊರೆಯುತ್ತಿದ್ದ ಅವಕಾಶ ಈಗ ಪ್ರತಿ ವಿಶ್ವವಿದ್ಯಾಲಯದ ಹನ್ನೆರಡು ಮಂದಿಗೆ ದೊರೆಯುತ್ತದೆ. ಆದರೆ ನಗರದ ಅತ್ಯುತ್ತಮ ಆಟಗಾರ್ತಿಯರೆಲ್ಲ ಒಂದೇ ತಂಡದಲ್ಲಿ ಸೇರುವುದು ಇನ್ನು ಸಾಧ್ಯವಿಲ್ಲ. ಒಂದೇ ಆವರಣದಲ್ಲಿ ವರ್ಷವಿಡೀ ಅಭ್ಯಾಸ ನಡೆಸಬಲ್ಲ ಏಕಾತ್ಮಕ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ, ಹಲವು ಕಾಲೇಜುಗಳಿಂದ ಆಟಗಾರ್ತಿಯರನ್ನು ಕೂಡಿಸಿಕೊಳ್ಳಬೇಕಾದ ಸಂಯೋಜಕ ವಿಶ್ವವಿದ್ಯಾಲಯಗಳ ಸಿದ್ಧತೆಯ ಅವಧಿ ಕಡಿಮೆ.

ಬೆಂಗಳೂರಿನಲ್ಲಿ ನಡೆದ ಪ್ರಮುಖ ಕೂಟಗಳು

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೇ ಆವೃತ್ತಿಯು ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟು, 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ನಡೆಯಿತು. ಜೈನ್ ವಿಶ್ವವಿದ್ಯಾಲಯ ಇದರ ಆತಿಥ್ಯ ವಹಿಸಿತ್ತು. ಬಾಸ್ಕೆಟ್‌ಬಾಲ್ ಸೇರಿದಂತೆ 20 ಕ್ರೀಡೆಗಳಿದ್ದ ಈ ಕೂಟದ ಒಟ್ಟಾರೆ ಪದಕ ಪಟ್ಟಿಯಲ್ಲಿ ಜೈನ್ ವಿಶ್ವವಿದ್ಯಾಲಯವು 20 ಚಿನ್ನದ ಪದಕಗಳೊಂದಿಗೆ ಮೊದಲ ಸ್ಥಾನ ಪಡೆಯಿತು.

ಅಂತರರಾಷ್ಟ್ರೀಯ ಮಹಿಳಾ ಬಾಸ್ಕೆಟ್‌ಬಾಲ್ ಸಹ ಈ ಅವಧಿಯಲ್ಲಿ ನಗರಕ್ಕೆ ಬಂದಿತು. 2017ರ ಜುಲೈ 23ರಿಂದ 29ರವರೆಗೆ ಫಿಬಾ ಮಹಿಳಾ ಏಷ್ಯಾ ಕಪ್ ಬೆಂಗಳೂರಿನಲ್ಲಿ ಜರುಗಿತು. ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಬಡ್ತಿ ಪಡೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 16 ವರ್ಷದೊಳಗಿನವರ ಏಷ್ಯನ್ ಚಾಂಪಿಯನ್‌ಷಿಪ್‌ನ ‘ಬಿ’ ವಿಭಾಗವನ್ನೂ ಭಾರತ ಬೆಂಗಳೂರಿನಲ್ಲೇ ಗೆದ್ದುಕೊಂಡಿತು.

2019ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಪುನಃ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಜಪಾನ್ ತಂಡವು ಅಂತಿಮ ಪಂದ್ಯದಲ್ಲಿ ಚೀನಾವನ್ನು 71–68ರಿಂದ ಸೋಲಿಸಿ ಸತತ ನಾಲ್ಕನೇ ಬಾರಿಗೆ ಪ್ರಶಸ್ತಿ ಗಳಿಸಿತು. ಭಾರತವು ಎಂಟನೇ ಹಾಗೂ ಕೊನೆಯ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು. ಎರಡು ವರ್ಷಗಳ ಹಿಂದಿನ ಬಡ್ತಿಯ ಸಂಭ್ರಮದ ನಂತರ ಏಷ್ಯಾದ ಅಗ್ರ ತಂಡಗಳಿಗೂ ಭಾರತಕ್ಕೂ ಇರುವ ಅಂತರವನ್ನು ಸ್ಥಳೀಯ ಪ್ರೇಕ್ಷಕರು ಇಲ್ಲಿ ಪ್ರತ್ಯಕ್ಷವಾಗಿ ಕಂಡರು. 18 ವರ್ಷದೊಳಗಿನವರ ಏಷ್ಯನ್ ಚಾಂಪಿಯನ್‌ಷಿಪ್‌ 2018 ಮತ್ತು 2022ರಲ್ಲಿ ಬೆಂಗಳೂರಿನಲ್ಲಿ ನಡೆಯಿತು.

ವಿದೇಶಿ ವಿಶ್ವವಿದ್ಯಾಲಯ ತಂಡಗಳು

ಬೆಂಗಳೂರಿನ ಸಂಜನಾ ರಮೇಶ್ ಭಾರತದ ಕಿರಿಯರ ತಂಡಗಳಲ್ಲಿ ಆಡಿ, ಎನ್‌ಬಿಎ ಅಕಾಡೆಮಿಯ ಮಹಿಳಾ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಆಟಗಾರ್ತಿ. ಅವರು ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಸೇರಿ, ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಎನ್‌ಸಿಎಎ ಮೊದಲ ವಿಭಾಗದಲ್ಲಿ ಆಡಿದರು. ಅಮೆರಿಕದಲ್ಲಿ 1972ರ ಶಿಕ್ಷಣ ತಿದ್ದುಪಡಿ ಕಾಯಿದೆಯ ಒಂಬತ್ತನೇ ಅಧ್ಯಾಯವು ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿತು. ಮಹಿಳಾ ತಂಡಗಳಿಗೆ ವಿದ್ಯಾರ್ಥಿವೇತನ ಹಾಗೂ ಪೂರ್ಣಾವಧಿ ತರಬೇತುದಾರರು ದೊರೆಯುವುದಕ್ಕೆ ಈ ಕಾಯಿದೆ ದಾರಿ ಮಾಡಿಕೊಟ್ಟಿತು. ಎನ್‌ಸಿಎಎ ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯಾವಳಿ 1982ರಲ್ಲಿ ಆರಂಭವಾಯಿತು.

ಪದವಿಯ ನಂತರ

ಭಾರತದಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಆಟಗಾರ್ತಿಯರಿಗೆ ಪದವಿಯ ನಂತರ ಆಟ ಮುಂದುವರಿಸಲು ಇರುವ ಮುಖ್ಯ ಮಾರ್ಗ ಕ್ರೀಡಾ ಕೋಟಾದ ಉದ್ಯೋಗ. ಇದರಲ್ಲಿ ರೈಲ್ವೆಯ ಪಾತ್ರ ದೊಡ್ಡದು. ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಭಾರತೀಯ ರೈಲ್ವೆ ತಂಡವು ದೀರ್ಘಕಾಲದಿಂದ ಪ್ರಾಬಲ್ಯ ಹೊಂದಿದೆ. ಕ್ರೀಡಾ ಕೋಟಾದ ನೇಮಕಾತಿಯಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳ ಸಾಧನೆಯನ್ನೂ ಪರಿಗಣಿಸುವುದರಿಂದ, ಕೆಲವೇ ವಾರ ಬದುಕುವ ವಿಶ್ವವಿದ್ಯಾಲಯ ತಂಡದಲ್ಲಿನ ಸ್ಥಾನವು ವಿದ್ಯಾರ್ಥಿನಿಯ ಜೀವನೋಪಾಯದ ಮೇಲೂ ಪ್ರಭಾವ ಬೀರುತ್ತದೆ. ಆ ಸ್ಥಾನ ದೊರೆಯದವರ ಆಟವು ಹೆಚ್ಚಾಗಿ ಅಂತಿಮ ವರ್ಷದ ಪರೀಕ್ಷೆಯೊಂದಿಗೇ ಕೊನೆಗೊಳ್ಳುತ್ತದೆ.

ಹಿರಿಯರ ಮಟ್ಟದಲ್ಲಿ ಕರ್ನಾಟಕದ ನವನೀತಾ ಪಿ.ಯು. ಮತ್ತು ಬಾಂಧವ್ಯ ಎಚ್.ಎಂ. ಭಾರತ ತಂಡವನ್ನು ಪ್ರತಿನಿಧಿಸಿದ್ದಾರೆ.