ವಂಶವಾಹಿ ವಿನ್ಯಾಸ: ಹತ್ತಿಯ ಹೊಲದಿಂದ ಮಾನವ ಭ್ರೂಣದವರೆಗೆ

ಜೀವಕೋಶದ ಡಿಎನ್‌ಎಯಲ್ಲಿ ನಿರ್ದಿಷ್ಟ ಭಾಗವನ್ನು ಸೇರಿಸಿ, ತೆಗೆದು ಅಥವಾ ತಿದ್ದಿ ಜೀವಿಯ ಗುಣವನ್ನು ಬೇಕಾದಂತೆ ರೂಪಿಸುವ ಕ್ರಮಕ್ಕೆ ವಂಶವಾಹಿ ವಿನ್ಯಾಸ ಎನ್ನುತ್ತಾರೆ. ಇಂಥ ಬದಲಾವಣೆಗೆ ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬೀದಿಗೆ ಬಂದದ್ದು ರಾಯಚೂರು ಜಿಲ್ಲೆಯ ಎರೆಭೂಮಿಯಲ್ಲಿ.

1998ರ ನವೆಂಬರ್‌ನಲ್ಲಿ ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ಸಿಂಧನೂರು ಭಾಗದ ಹೊಲವೊಂದರಲ್ಲಿದ್ದ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಬಿತ್ತಿದ ಬೀಜ ಎಂಥದೆಂದು ಹೊಲದ ಒಡೆಯನಿಗೇ ತಿಳಿಸಿರಲಿಲ್ಲ ಎಂಬುದು ಅದರ ಆಕ್ಷೇಪಗಳಲ್ಲೊಂದು. 2002ರ ಮಾರ್ಚ್‌ನಲ್ಲಿ ಕೇಂದ್ರದ ಒಪ್ಪಿಗೆ ದೊರೆತ ಬಳಿಕ ಲಿಂಗಸುಗೂರು, ಮಸ್ಕಿ ಕಡೆಯ ಹತ್ತಿ ಬೇಸಾಯವೂ ಬಿಟಿಗೆ ತಿರುಗಿತು. ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದ ವಂಶವಾಹಿಯ ಬಲದಿಂದ ಗಿಡದಲ್ಲಿ ಉಂಟಾಗುವ ಪ್ರೋಟೀನು ಕಾಯಿಕೊರಕದ ಕರುಳಿನ ಒಳಪೊರೆಗೆ ಅಂಟಿ ಅದನ್ನು ತೂತುಮಾಡುತ್ತದೆ. ಹುಳು ಇದಕ್ಕೆ ಒಗ್ಗದಿರಲೆಂದು 450 ಗ್ರಾಂ ಬಿಟಿ ಬೀಜದ ಪೊಟ್ಟಣದೊಂದಿಗೆ 120 ಗ್ರಾಂ ಸಾದಾ ಬೀಜವನ್ನೂ ಕೊಟ್ಟು, ಹೊಲದ ಸುತ್ತಲಿನ ಸಾಲುಗಳಲ್ಲಿ ಬಿತ್ತಲು ಹೇಳಲಾಗುತ್ತಿತ್ತು. ಆ ಸಾಲು ಹುಳುವಿನ ಪಾಲು ಎಂದು ಬಗೆದು ಅನೇಕರು ಅದನ್ನು ಬಿತ್ತಲಿಲ್ಲ, ಗುಲಾಬಿ ಕಾಯಿಕೊರಕ ಬಿಟಿಗೆ ಒಗ್ಗಿಕೊಂಡಿತು. ಒಬ್ಬೊಬ್ಬ ರೈತನ ಲೆಕ್ಕ ತಪ್ಪಿರಲಿಲ್ಲ. ನಷ್ಟ ಮಾತ್ರ ಊರಿಗೆಲ್ಲ ಬಂತು.

ಮಾನವ ದೇಹದ ವಿಚಾರದಲ್ಲೂ ನೀತಿಯ ತೊಡಕು ಈ ಬಗೆಯದೇ. ಗಂಡುಮಗು ಬೇಕೆಂಬ ಒಂದು ಮನೆಯ ಆಸೆ ಸಾವಿರಾರು ಮನೆಗಳಲ್ಲಿ ಕೂಡಿದಾಗ ಲಿಂಗಾನುಪಾತವೇ ಕೆಡುವುದನ್ನು ಕಂಡು 1994ರಲ್ಲಿ ಭ್ರೂಣಲಿಂಗ ಪತ್ತೆಯ ವಿರುದ್ಧ ಕಾನೂನು ಬಂತು. 2003ರ ತಿದ್ದುಪಡಿ ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ನಿಷೇಧಿಸಿತು. ಭಾರತದ ಮಟ್ಟಿಗೆ, ಮಗುವನ್ನು ಆರಿಸಿ ಪಡೆಯುವ ಮನೋಭಾವಕ್ಕೆ ಕಡಿವಾಣ ಹಾಕಿದ ಈ ಕಾನೂನನ್ನೇ ದೇಹವಿನ್ಯಾಸದ ಚರ್ಚೆಯ ಆರಂಭವೆಂದು ಗಣಿಸುವುದು ಯುಕ್ತ.

ಆ ಬಳಿಕದ ಚರ್ಚೆ ದೇಹಕೋಶ ಮತ್ತು ಭ್ರೂಣಗಳ ನಡುವಿನ ವ್ಯತ್ಯಾಸದ ಮೇಲೆ ನಿಂತಿದೆ. ರೋಗಿಯ ರಕ್ತದ ಟಿ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ವಿರುದ್ಧ ತಿರುಗಿಸುವ ಕಾರ್-ಟಿ ಚಿಕಿತ್ಸೆ ಈಗ ಬೆಂಗಳೂರಿನಲ್ಲಿಯೂ ಲಭ್ಯವಿದ್ದು, ಅಲ್ಲಿ ಆಗುವ ಬದಲಾವಣೆ ಆ ರೋಗಿಯೊಂದಿಗೇ ಕೊನೆಗೊಳ್ಳುತ್ತದೆ. ಚೀನಾದ ಹೆ ಜಿಯಾನ್‌ಕುಯಿ 2018ರಲ್ಲಿ ಪ್ರಕಟಿಸಿದ, ಅವಳಿ ಹೆಣ್ಣುಮಕ್ಕಳ ಭ್ರೂಣದಲ್ಲೇ ಮಾಡಿದ ತಿದ್ದುಪಡಿಯಾದರೋ ಮುಂದಿನ ತಲೆಮಾರಿಗೂ ಹರಿಯಬಲ್ಲದು. ಅನ್ಯರು ಆರಿಸಿಕೊಟ್ಟ ಗುಣಗಳೊಂದಿಗೆ ಹುಟ್ಟಿದವರಿಗೆ ತಮ್ಮ ಬದುಕು ಪೂರ್ತಿ ತಮ್ಮದೆನಿಸದೆ ಹೋಗಬಹುದು ಎಂದು ಜರ್ಮನ್ ತತ್ತ್ವಜ್ಞಾನಿ ಯುರ್ಗೆನ್ ಹಾಬರ್ಮಾಸ್ 2001ರಲ್ಲಿಯೇ ವಾದಿಸಿದ್ದರು. ಹೆತ್ತವರು ಸಂಸ್ಕಾರದಿಂದಲೂ ಮಕ್ಕಳನ್ನು ರೂಪಿಸುತ್ತಾರಲ್ಲ ಎಂಬ ಆಕ್ಷೇಪಕ್ಕೆ, ಸಂಸ್ಕಾರವನ್ನು ಮಗು ಬೆಳೆದ ಮೇಲೆ ಪ್ರಶ್ನಿಸಿ ಬಿಡಬಹುದು, ವಂಶವಾಹಿಯನ್ನು ಬಿಡಲಾಗದು ಎಂಬುದು ಅವರ ಉತ್ತರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2019ರ ಮಾರ್ಗಸೂಚಿ ವಂಶಾನುಗತವಾಗಿ ಸಾಗುವ ತಿದ್ದುಪಡಿಯನ್ನು ನಿಷೇಧಿಸಿ, ದೇಹಕೋಶಗಳ ಚಿಕಿತ್ಸೆಗೆ ಮಾತ್ರ ಅವಕಾಶ ಕೊಟ್ಟಿದೆ.