ಮಂದ್ರ ಕ್ಲಾರಿಯೊನೆಟ್ಟೂ ಟ್ರಿಲ್ಲಿನ ಬೆರಳುಗಾರಿಕೆಯೂ

ಪಾಶ್ಚಾತ್ಯ ಸಂಗೀತದಲ್ಲಿ ಟ್ರಿಲ್ ಎಂಬ ಅಲಂಕಾರವೊಂದುಂಟು. ಒಂದು ಸ್ವರವನ್ನೂ ಅದರ ಮೇಲಣ ನೆರೆಯ ಸ್ವರವನ್ನೂ ಎಡೆಬಿಡದೆ ಶೀಘ್ರವಾಗಿ ಒಂದಾದಮೇಲೊಂದರಂತೆ ನುಡಿಸುವುದೇ ಅದರ ಲಕ್ಷಣ. ನಮ್ಮ ಕಂಪಿತ ಗಮಕಕ್ಕೆ ಅದನ್ನು ಹೋಲಿಸುವವರುಂಟು, ಹೋಲಿಕೆ ಪೂರ್ಣವಲ್ಲ. ಕಂಪಿತದಲ್ಲಿ ನಾದವು ಸ್ವರಗಳ ನಡುವೆ ತೂಗುತ್ತದೆ. ಟ್ರಿಲ್ಲಿನಲ್ಲಿ ಎರಡು ಮೆಟ್ಟಿಲುಗಳ ಮೇಲೆ ಮಾತ್ರ ಕಾಲಿಡುತ್ತದೆ. ಪಿಟೀಲಿನವನಿಗೆ ಇದು ಒಂದು ಬೆರಳಿನ ಕೆಲಸ. ಬಾಸ್ ಕ್ಲಾರಿಯೊನೆಟ್ಟು ಎನ್ನುವ ಮಂದ್ರ ವಾದ್ಯದವನಿಗಾದರೋ ಕೆಲವು ಸ್ವರಗಳಲ್ಲಿ ಇದು ಹತ್ತೂ ಬೆರಳಿನ ಪೇಚಾಟ.

ಇದರ ಕಾರಣವು ಕೊಳವೆಯಲ್ಲಿಯೇ ಇದೆ. ಕೊಳಲನ್ನು ಒತ್ತಿ ಊದಿದರೆ ಷಡ್ಜವು ತಾರಷಡ್ಜವಾಗುತ್ತದೆ. ಆದುದರಿಂದ ಹನ್ನೆರಡು ಸ್ವರಸ್ಥಾನಗಳಿಗೆ ಬೆರಳು ಒದಗಿದರೆ ಸಾಕು. ಕ್ಲಾರಿಯೊನೆಟ್ಟಿನಲ್ಲಿ ಹಾಗಲ್ಲ. ಅದರ ಷಡ್ಜವು ತಾರಷಡ್ಜವನ್ನು ದಾಟಿ ಅದರಾಚೆಯ ಪಂಚಮಕ್ಕೆ ನೆಗೆಯುತ್ತದೆ. ನಡುವೆ ಬರುವ ಹತ್ತೊಂಬತ್ತು ಸ್ವರಸ್ಥಾನಗಳನ್ನು ಒಂಬತ್ತು ಬೆರಳುಗಳೇ ಹಂಚಿಕೊಳ್ಳಬೇಕು. ಹತ್ತನೆಯದಾದ ಬಲಗೈ ಹೆಬ್ಬೆರಳು ವಾದ್ಯದ ಭಾರ ಹೊತ್ತಿರುತ್ತದೆ. ಆದುದರಿಂದ ಕೀಲಿಗಳು ಬಂದವು.

ನ್ಯೂರೆಂಬರ್ಗಿನ ಡೆನ್ನರನು ಸುಮಾರು 1700ರಲ್ಲಿ ರೂಪಿಸಿದ ವಾದ್ಯಕ್ಕೆ ಎರಡೇ ಕೀಲಿಗಳು. ಆ ಶತಮಾನದ ಕೊನೆಯ ವೇಳೆಗೆ ಅವು ಐದಾದವು. ಆಂಗ್ಲ ಕುಶಲಿಗಳು ಸೇರಿಸಿದ ಆರನೆಯ ಕೀಲಿಯು ಬಹುಮಟ್ಟಿಗೆ ಟ್ರಿಲ್ಲಿಗಾಗಿಯೇ ಇದ್ದಿತೆಂಬುದು ಗಮನಿಸತಕ್ಕ ಸಂಗತಿ: ಅಲಂಕಾರವೇ ಯಂತ್ರವನ್ನು ಬೇಡಿತು! 1812ರಲ್ಲಿ ಇವಾನ್ ಮ್ಯೂಲರನು ಹದಿಮೂರು ಕೀಲಿಗಳ ವಾದ್ಯವನ್ನು ಪ್ಯಾರಿಸಿನ ಸಂಗೀತ ವಿದ್ಯಾಲಯದ ಪಂಡಿತರ ಮುಂದಿಟ್ಟಾಗ ಅವರು ಒಪ್ಪಲಿಲ್ಲ. ಬೇರೆಬೇರೆ ಶ್ರುತಿಯ ವಾದ್ಯಗಳಿಗಿರುವ ಬೇರೆಬೇರೆ ನಾದಗುಣವು ಇದರಿಂದ ಲೋಪವಾಗುವುದೆಂದು ಅವರ ಶಂಕೆ. ಶಂಕೆಯು ನಿರಾಧಾರವಾಗಿರಲಿಲ್ಲ, ಆದರೂ ಕಾಲವು ಮ್ಯೂಲರನ ಪಕ್ಷವನ್ನೇ ಹಿಡಿಯಿತು. 1839ರಿಂದ 1843ರ ಒಳಗೆ ಕ್ಲೋಸೆ, ಬ್ಯುಫೆ ಎಂಬಿಬ್ಬರು ಬೋಮನ ಉಂಗುರ ಕೀಲಿಗಳನ್ನು ಇದಕ್ಕೆ ಅಳವಡಿಸಿ, ಎಡಗೈ ಬಲಗೈಗಳ ಕಿರುಬೆರಳುಗಳೆರಡಕ್ಕೂ ಕೆಲವು ಸ್ವರಗಳನ್ನು ಸಮನಾಗಿ ಒದಗಿಸಿದರು. ಒಂದೇ ಕಿರುಬೆರಳು ಕೀಲಿಯಿಂದ ಕೀಲಿಗೆ ಜಾರಬೇಕಾದ ಸಂಕಟವು ಬಹಳಮಟ್ಟಿಗೆ ತಪ್ಪಿತು.

ಮಂದ್ರ ವಾದ್ಯದ ಕಥೆ ಸ್ವಲ್ಪ ಬೇರೆ. ಡ್ರೆಸ್‌ಡೆನ್ನಿನ ಗ್ರೆನ್ಸರನು 1793ರಲ್ಲಿಯೇ ಅದನ್ನು ಬಸೂನಿನಂತೆ ಮಡಿಸಿ ಮಾಡಿದ್ದನು. ಮೇಯರ್‌ಬೇರನು 1836ರಲ್ಲಿ ‘ಲೇ ಯೂಗನೊ’ ಎಂಬ ಗೀತನಾಟಕದ ಐದನೆಯ ಅಂಕದಲ್ಲಿ ಅದಕ್ಕೆ ಏಕಾಕಿಯಾಗಿ ನುಡಿಯುವ ಗೌರವವನ್ನು ಕೊಟ್ಟನು. 1838ರಲ್ಲಿ ಬೆಲ್ಜಿಯಮ್ಮಿನ ಅಡೋಲ್ಫ್ ಸಾಕ್ಸನು ನೆಟ್ಟನೆಯ ಕೊಳವೆ ಮಾಡಿ, ಬೆರಳಿನ ಅನುಕೂಲವನ್ನು ನೋಡದೆ ನಾದದ ನಿಯಮವನ್ನೇ ನೋಡಿ ದೊಡ್ಡ ರಂಧ್ರಗಳನ್ನು ಕೊರೆದನು. ಬೆರಳಿಗೆ ನಿಲುಕದ ಅವನ್ನು ಮುಚ್ಚಳದ ಕೀಲಿಗಳಿಂದ ಮುಚ್ಚಿದನು. ನಾದವು ಗೆದ್ದಿತು, ಬೆರಳು ಒಂದು ಸ್ವಾತಂತ್ರ್ಯವನ್ನು ಕಳೆದುಕೊಂಡಿತು. ಸಣ್ಣ ವಾದ್ಯದವನು ರಂಧ್ರವನ್ನು ಅರ್ಧ ತೆರೆದು ಸ್ವರವನ್ನು ತಿದ್ದಬಲ್ಲನು. ಇಲ್ಲಿ ಎಡಗೈ ತೋರುಬೆರಳಿನ ಕೀಲಿಯಲ್ಲಿರುವ ಕಿರುರಂಧ್ರದ ಹೊರತು ಅದಕ್ಕೆ ಆಸ್ಪದವಿಲ್ಲ. ಮುಚ್ಚಳಗಳೋ ಭಾರ, ಸನ್ನೆಕಡ್ಡಿಗಳೋ ಉದ್ದ.

ಎಲ್ಲಕ್ಕಿಂತ ಕಷ್ಟವಾದುದು ಎರಡು ಸ್ಥಾಯಿಗಳ ಸಂಧಿ. ಕೆಳಗಿನದರ ತುದಿಯ ಸ್ವರಗಳಲ್ಲಿ ಬೆರಳುಗಳು ಬಹುತೇಕ ಎದ್ದೇ ಇರುತ್ತವೆ. ಮುಂದಿನ ಸ್ವರಕ್ಕೆ ಎಲ್ಲವೂ ಒಮ್ಮೆಗೇ ಇಳಿಯಬೇಕು. ಇದನ್ನು ಕ್ಷಣಕ್ಕೆ ಹಲವು ಬಾರಿ ಮಾಡುವುದು ಮನುಷ್ಯಮಾತ್ರದವರಿಗೆ ಸಾಧ್ಯವಲ್ಲ. ಆದುದರಿಂದ ವಾದಕನು ಕೆಳಗಿನ ಸ್ವರವನ್ನು ಹಿಡಿದು, ಬಲಗೈ ತೋರುಬೆರಳಿನಿಂದ ಪಕ್ಕದ ಕೀಲಿಗಳನ್ನು ಮಿಡಿಯುತ್ತಾನೆ. ಮೇಲಿನ ಸ್ವರದ ಬದಲಿಗೆ ಅದರ ಪ್ರತಿನಿಧಿಯೊಂದು ನುಡಿಯುತ್ತದೆ. ಈ ಪ್ರತಿನಿಧಿಯು ದೀರ್ಘ ಸ್ವರವಾಗಿ ನಿಂತರೆ ಶ್ರುತಿದೋಷ ಬಯಲಾದೀತು. ಓಟದಲ್ಲಿ ಕಿವಿ ಅದನ್ನು ಕ್ಷಮಿಸುತ್ತದೆ. ನಮ್ಮ ಮಟ್ಟಿಗೆ ಇದು ಕಪಟವಲ್ಲ. ಏರುಪೇರಾದ ಶುದ್ಧ ಸ್ವರಗಳಿಗಿಂತ ಸಮನಾದ ಚಲನೆಯೇ ಟ್ರಿಲ್ಲಿನ ಜೀವ.

ಸಣ್ಣ ವಾದ್ಯದ ಪಟ್ಟಿಯನ್ನು ಕಣ್ಣುಮುಚ್ಚಿ ಇಲ್ಲಿಗೆ ತಂದರೆ ನಡೆಯದು. ಅಲ್ಲಿ ಹೊಂದಿದ ಬೆರಳುಗಾರಿಕೆ ಇಲ್ಲಿ ತಗ್ಗಬಹುದು, ಇಲ್ಲವೆ ನಾದವೇ ಹುಟ್ಟದಿರಬಹುದು. ಒಬ್ಬ ಕುಶಲಿಯ ವಾದ್ಯದಂತೆ ಇನ್ನೊಬ್ಬನದಿರದು. ಸಾಧಕನು ತನ್ನ ವಾದ್ಯವನ್ನೇ ಕೇಳಿ, ಚಲಿಸುವ ಬೆರಳು ಒಂದೇ ಆಗುವ ಮಾರ್ಗವನ್ನು ಹುಡುಕಿ ಗುರುತುಹಾಕಿಕೊಳ್ಳುತ್ತಾನೆ.

ವಾದ್ಯಮೇಳದ ಹಿಂದಿನ ಸಾಲಿನಲ್ಲಿದ್ದವರೆಗೆ ಇಂಥ ಪಟ್ಟಿಗಳ ಅಗತ್ಯವು ಅಷ್ಟಾಗಿ ಬೀಳಲಿಲ್ಲ. 1955ರಲ್ಲಿ ಬ್ರನೋ ನಗರದಲ್ಲಿ ಯೋಸೆಫ್ ಹೋರಾಕನು ಇದೊಂದನ್ನೇ ಪ್ರಧಾನವಾಗಿಟ್ಟು ಕಚೇರಿ ನಡೆಸಿದನು. ಅನಂತರ ಹಾಲೆಂಡಿನ ಹ್ಯಾರಿ ಸ್ಪಾರ್ನೆಯು ಅದೇ ಹಾದಿಯನ್ನು ವಿಸ್ತರಿಸಿದನು. ಅವರಿಗಾಗಿ ಬರೆದ ರಚನಕಾರರು ವಾದ್ಯದ ಯಾವ ಮೂಲೆಯನ್ನೂ ಬಿಡಲಿಲ್ಲ. ಅತಿಮಂದ್ರದವರೆಗೆ ಇಳಿಯುವ ಇಂದಿನ ವಾದ್ಯಗಳು ನೆಲಕ್ಕೆ ಊರಿದ ಕಡ್ಡಿಯ ಮೇಲೆ ನಿಲ್ಲುವುದರಿಂದ ಬಲಗೈ ಹೆಬ್ಬೆರಳಿಗೆ ಹೊರೆ ಇಳಿದಿದೆ. ಅದರ ಪಾಲಿಗೂ ಕೀಲಿಗಳು ಬಂದಿವೆ.